ಮನೆಯ ಟೆಲಿವಿಷನ್ನಿನ ಆಟಗಳು: ಕಾಲವಿಭಾಗದ ಒಂದು ವಿಮರ್ಶೆ

೧

ಕಾಲವನ್ನು ಯಾವ ಗೆರೆಯಿಂದ ಭಾಗಿಸಬೇಕೆಂಬುದು ಚರಿತ್ರಕಾರನಿಗೆ ಮೊದಲು ಎದುರಾಗುವ ಪ್ರಶ್ನೆ. ಕನ್ನಡ ಸಾಹಿತ್ಯದ ಮಟ್ಟಿಗೆ ಈ ಚರ್ಚೆ ಬಹಳ ಹಳೆಯದು. ಇ. ಪಿ. ರೈಸರು ಮತಧರ್ಮಗಳನ್ನು ಹಿಡಿದು ಯುಗಗಳನ್ನು ವಿಂಗಡಿಸಿದರು. ೧೯೦೭ರಿಂದ ೧೯೨೯ರ ಅವಧಿಯಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಕವಿಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿತು. ರಂ. ಶ್ರೀ. ಮುಗಳಿಯವರು ೧೯೫೩ರ ತಮ್ಮ ಚರಿತ್ರೆಯಲ್ಲಿ ಪಂಪ, ಬಸವ, ಕುಮಾರವ್ಯಾಸರ ಹೆಸರುಗಳಿಂದ ಯುಗಗಳನ್ನು ಕರೆದರು. ಈ ಕ್ರಮಗಳಲ್ಲಿ ಒಂದೊಂದೂ ಒಂದು ಸಂಗತಿಯನ್ನು ಕಾಣಿಸಿ ಮತ್ತೊಂದನ್ನು ಮರೆಮಾಡುತ್ತದೆ. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ತೀರ್ಮಾನ ಯುಗದ ಹೆಸರಿನಲ್ಲಿಯೇ ಅಡಗಿರುತ್ತದೆ.

ಇದೇ ಪ್ರಶ್ನೆ ಈಗ ಅನಿರೀಕ್ಷಿತವಾದ ಒಂದು ಕಡೆಯಿಂದ ನಮ್ಮ ಮುಂದೆ ಬಂದಿದೆ. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳಿಗೆ ಇಂದು ಅರ್ಧ ಶತಮಾನದ ಚರಿತ್ರೆ ಕೂಡಿಬಂದಿದೆ. ಇಂಗ್ಲಿಷಿನಲ್ಲಿ ಆ ಚರಿತ್ರೆಯನ್ನು ಕುರಿತ ಗ್ರಂಥಗಳು ಹಲವು ಇವೆ. ಅವು ಯಂತ್ರಗಳನ್ನು 'ತಲೆಮಾರು'ಗಳಾಗಿ ವಿಂಗಡಿಸುತ್ತವೆ. ಆ ವಿಂಗಡಣೆಯನ್ನು ಎಲ್ಲ ದೇಶಗಳಿಗೂ ಸಲ್ಲುವ ಸಿದ್ಧಾಂತವೆಂಬಂತೆ ಮಂಡಿಸುತ್ತವೆ. ಪ್ರಕೃತ ಲೇಖನದ ಉದ್ದೇಶ ಈ ಕಾಲವಿಭಾಗವನ್ನು ಮದರಾಸು ಮತ್ತು ಬೆಂಗಳೂರುಗಳ ಮನೆಗಳ ಅನುಭವದೊಡನೆ ಒರೆಗೆ ಹಚ್ಚಿ ನೋಡುವುದು. ವಿಷಯ ಮಕ್ಕಳಾಟದ್ದೆಂದು ಕೆಲವು ವಾಚಕರು ಮುಗುಳ್ನಗಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ 'ಕೌತುಕನಿಧಿ'ಯನ್ನು ಆಟಗಳಿಗೇ ಮೀಸಲಿಟ್ಟರೆಂಬುದನ್ನು ನೆನೆದರೆ, ಆಟವನ್ನು ವಿದ್ವತ್ತಿನ ವಿಷಯವಾಗಿ ಕಾಣುವುದು ನಮ್ಮಲ್ಲಿ ಹೊಸತಲ್ಲವೆಂದು ತಿಳಿದೀತು.

೨

ಮೊದಲು ಪೂರ್ವಪಕ್ಷವನ್ನು ಇದ್ದಂತೆ ನಿರೂಪಿಸುವುದು ನ್ಯಾಯ.

ರಾಲ್ಫ್ ಬೇಯರ್ ಎಂಬ ಎಂಜಿನಿಯರರ ಪ್ರಯೋಗಗಳಿಂದ ರೂಪುಗೊಂಡ 'ಮ್ಯಾಗ್ನಾವಾಕ್ಸ್ ಒಡಿಸ್ಸಿ' ೧೯೭೨ರಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂತು. ಇದರಿಂದ ಮೊದಲನೆಯ ತಲೆಮಾರು. ೧೯೭೬ರ ಫೇರ್‌ಚೈಲ್ಡ್ ಕಂಪನಿಯ ಯಂತ್ರ ಮತ್ತು ೧೯೭೭ರ ಅಟಾರಿ ಯಂತ್ರಗಳಲ್ಲಿ ಆಟ ಯಂತ್ರದಿಂದ ಬೇರೆಯಾಯಿತು. ಯಂತ್ರ ಒಂದೇ ಇದ್ದು, ಪೆಟ್ಟಿಗೆ ಬದಲಾಯಿಸಿದಂತೆ ಆಟ ಬದಲಾಗತೊಡಗಿತು. ಇದು ಎರಡನೆಯದು. ೧೯೮೩ರಲ್ಲಿ ಅಮೆರಿಕೆಯ ಮಾರುಕಟ್ಟೆ ಕುಸಿಯಿತು. ಆ ವರ್ಷ ಸುಮಾರು ೩೨೦ ಕೋಟಿ ಡಾಲರ್ ಎಂದು ಎಣಿಸಲಾಗಿದ್ದ ವ್ಯಾಪಾರ ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಇಳಿಯಿತೆಂದು ಚರಿತ್ರಕಾರರು ಬರೆಯುತ್ತಾರೆ. ಅದೇ ೧೯೮೩ರ ಜುಲೈ ೧೫ರಂದು ಜಪಾನಿನಲ್ಲಿ ನಿಂಟೆಂಡೊ ಸಂಸ್ಥೆ 'ಫ್ಯಾಮಿಲಿ ಕಂಪ್ಯೂಟರ್', ಸಂಕ್ಷೇಪವಾಗಿ 'ಫ್ಯಾಮಿಕಾಮ್', ಎಂಬ ಯಂತ್ರವನ್ನು ಹೊರತಂದಿತು. ೧೯೮೫ರಲ್ಲಿ ಅದು ಬೇರೆ ಹೆಸರು, ಬೇರೆ ವೇಷ ತೊಟ್ಟು ಅಮೆರಿಕೆಗೆ ಹೋಯಿತು. ಸತ್ತ ಮಾರುಕಟ್ಟೆಗೆ ಜೀವ ಬಂತು. ಇದು ಮೂರನೆಯ ತಲೆಮಾರು. ೧೯೮೮ರ ಸೆಗಾ 'ಮೆಗಾ ಡ್ರೈವ್', ೧೯೯೦ರ 'ಸೂಪರ್ ಫ್ಯಾಮಿಕಾಮ್' ನಾಲ್ಕನೆಯದಕ್ಕೂ ೧೯೯೪ರ ಸೋನಿ 'ಪ್ಲೇಸ್ಟೇಷನ್' ಐದನೆಯದಕ್ಕೂ ಸೇರುತ್ತವೆ.

ಕಥೆ ಸುಸಂಬದ್ಧವಾಗಿದೆ. ಏಳು, ಬೀಳು, ಪುನರುತ್ಥಾನ, ಉತ್ತರಾಧಿಕಾರ, ಇಷ್ಟೂ ಇರುವುದರಿಂದ ಪುರಾಣದ ಮೈಕಟ್ಟು ತಾನಾಗಿ ಬಂದಿದೆ. ಆದರೆ ಈ ವಿಭಾಗದ ಆಧಾರವೇನೆಂದು ಕೇಳಿದರೆ ಉತ್ತರ ಒಂದೇ: ಯಂತ್ರ ಕಾರ್ಖಾನೆಯಿಂದ ಹೊರಟ ದಿನ. ಯಾವ ಮನೆಗೆ ಯಾವಾಗ ತಲುಪಿತು, ಅಲ್ಲಿ ಎಷ್ಟು ವರ್ಷ ಬಾಳಿತು ಎಂಬುದು ಈ ಲೆಕ್ಕದಲ್ಲಿ ಸೇರುವುದಿಲ್ಲ. ಕಾವ್ಯದ ಚರಿತ್ರೆಯನ್ನು ಅದು ಅಚ್ಚಾದ ದಿನದಿಂದ ಮಾತ್ರ ಬರೆದು, ಓದಿದವರನ್ನೂ ವಾಚನ ಮಾಡಿದವರನ್ನೂ ಬಿಟ್ಟಂತೆ ಆಯಿತು.

೩

ಈ ಕೋಷ್ಟಕವನ್ನು ನಮ್ಮ ನಗರಗಳ ಮೇಲೆ ಇಟ್ಟು ನೋಡೋಣ. ಒಡಿಸ್ಸಿ ಮಾರಾಟವಾಗುತ್ತಿದ್ದಾಗ ಮದರಾಸಿನಲ್ಲಿ ಟೆಲಿವಿಷನ್ ಕೇಂದ್ರವೇ ಇರಲಿಲ್ಲ. ಅದು ಆರಂಭವಾದುದು ೧೯೭೫ರಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು ೧೯೮೧ರಲ್ಲಿ. ೧೯೮೨ರ ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ ದೇಶಕ್ಕೆ ಬಣ್ಣದ ಪ್ರಸಾರ ಬಂತು. ಎಂದಮೇಲೆ ಮೊದಲ ಎರಡು 'ತಲೆಮಾರು'ಗಳು ನಮ್ಮ ಮಟ್ಟಿಗೆ ಹೆಚ್ಚುಕಡಮೆ ವಾರ್ತೆ ಮಾತ್ರ. ೧೯೮೩ರ ಕುಸಿತವಂತೂ ಇಲ್ಲಿ ಸಂಭವಿಸಲೇ ಇಲ್ಲ. ಇಲ್ಲದ ಅಂಗಡಿಗೆ ದಿವಾಳಿ ಎಲ್ಲಿಯದು? ಅಮೆರಿಕೆಯ ಒಂದು ವ್ಯಾಪಾರಸಂಕಟವನ್ನು ಜಗತ್ತಿನ ಯುಗಸಂಧಿ ಎಂದು ಕರೆಯುವುದರ ದೋಷ ಇಲ್ಲಿ ಸ್ಪಷ್ಟವಾಗುತ್ತದೆ.

ಆ ಕಾಲದಲ್ಲಿ ವಿದೇಶಿ ವಸ್ತುವೊಂದು ಮದರಾಸಿನ ಮನೆಗೆ ಬರಲು ದಾರಿಗಳು ಎರಡೇ: ಹೊರದೇಶಕ್ಕೆ ಹೋಗಿಬಂದ ಬಂಧುವಿನ ಪೆಟ್ಟಿಗೆ, ಅಥವಾ ಬರ್ಮಾ ಬಜಾರು. ೧೯೬೨ರ ಸೈನಿಕಾಡಳಿತದ ತರುವಾಯ ಬರ್ಮಾದಿಂದ ಬರಿಗೈಯಲ್ಲಿ ಹಿಂದಿರುಗಿದ ತಮಿಳರಿಗಾಗಿ ೧೯೬೯ರಲ್ಲಿ ಬೀಚ್ ರೈಲುನಿಲ್ದಾಣದ ಎದುರಿನ ಸಾಲಿನಲ್ಲಿ ಏರ್ಪಟ್ಟ ಆ ಅಂಗಡಿಗಳು, ಹಡಗುಕಟ್ಟೆಯ ನೆರೆಯಲ್ಲಿದ್ದುದರಿಂದ, ಸುಂಕದ ಗೋಡೆಯಲ್ಲಿದ್ದ ಕಿಂಡಿಯಂತೆ ಕೆಲಸ ಮಾಡಿದವು. ಮೌಂಟ್ ರೋಡಿನಿಂದ ಒಳಕ್ಕೆ ಹೋಗುವ ರಿಚಿ ಸ್ಟ್ರೀಟು ಇಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆ, ಬೆಂಗಳೂರಿನಲ್ಲಿ ಎಸ್. ಪಿ. ರೋಡಿಗೆ ಇರುವ ಹೆಸರು ಇಲ್ಲಿ ಅದಕ್ಕೆ.

೧೯೯೧ರ ಆರ್ಥಿಕ ಸುಧಾರಣೆಯ ಮೇಲೂ ಗೋಡೆ ಒಮ್ಮೆಲೇ ಬೀಳಲಿಲ್ಲ. ೧೯೯೫ರಲ್ಲಿ ಸೆಗಾ ಸಂಸ್ಥೆ ಷಾ ವ್ಯಾಲೇಸ್ ಕಂಪನಿಯ ಮೂಲಕ 'ಮೆಗಾ ಡ್ರೈವ್' ಯಂತ್ರವನ್ನು ಭಾರತಕ್ಕೆ ತಂದಾಗ ಆಮದು ಸುಂಕ ಶೇಕಡ ೮೦ರಷ್ಟಿತ್ತು; ಅದನ್ನು ತಪ್ಪಿಸಿಕೊಳ್ಳಲು ಈ ಒಪ್ಪಂದ ಮಾಡಿಕೊಂಡ ಮೇಲೂ ಯಂತ್ರದ ಬೆಲೆ ೧೮,೦೦೦ ರೂಪಾಯಿ ಆಯಿತು. ಬ್ಯಾಂಕಿನ ಕೆಲಸದಲ್ಲಿರುವ ನನ್ನಂಥವನಿಗೆ ಈ ಒಂದು ಸಂಖ್ಯೆಯೇ ಸಾಕಷ್ಟು ಮಾತಾಡುತ್ತದೆ. ಆ ವರ್ಷಗಳಲ್ಲಿ ಮಧ್ಯಮ ವರ್ಗದ ನೌಕರನೊಬ್ಬನಿಗೆ ಅದು ಹಲವು ತಿಂಗಳ ಸಂಬಳ. 'ನಾಲ್ಕನೆಯ ತಲೆಮಾರು' ಭಾರತಕ್ಕೆ ಬಂದಿತೆಂದು ಕೋಷ್ಟಕದಲ್ಲಿ ಗುರುತು ಹಾಕಬಹುದು. ಆದರೆ ಅದು ಯಾರ ಮನೆಯ ಹೊಸ್ತಿಲು ದಾಟಿತು?

ನಮ್ಮ ಹೊಸ್ತಿಲನ್ನು ದಾಟಿದುದು ಬೇರೆಯದು: ಫ್ಯಾಮಿಕಾಮಿನ ನಕಲು. 'ಸಮುರಾಯ್', 'ಲಿಟ್ಲ್ ಮಾಸ್ಟರ್', 'ಮೀಡಿಯಾ' ಮೊದಲಾದ ಹೆಸರುಗಳನ್ನು ಹೊತ್ತು ೧೯೯೦ರ ದಶಕದಲ್ಲಿ ಮನೆಮನೆಗೆ ಬಂದ ಯಂತ್ರಗಳ ಒಳಗೆ ಇದ್ದುದು ೧೯೮೩ರ ಜಪಾನಿನ ವಿನ್ಯಾಸವೇ. ಪಶ್ಚಿಮದ ಚರಿತ್ರಕಾರನು ಮೂರನೆಯ ಯುಗ ಮುಗಿಯಿತೆಂದು ಲೇಖನಿ ಕೆಳಗಿಟ್ಟ ಹೊತ್ತಿಗೆ ಇಲ್ಲಿ ಆ ಯುಗ ಪ್ರಾಯಕ್ಕೆ ಬರುತ್ತಿತ್ತು. ಇದು ನಮ್ಮೊಬ್ಬರ ಹಿಂದುಳಿದಿರುವಿಕೆಯ ಲಕ್ಷಣವೆಂದು ತಿಳಿಯಬೇಕಾಗಿಲ್ಲ. ರಷ್ಯದಲ್ಲಿ ೧೯೯೨ರಿಂದ ಇದೇ ವಿನ್ಯಾಸ 'ಡೆಂಡಿ' ಎಂಬ ಹೆಸರಿನಲ್ಲಿ, ಪೋಲೆಂಡಿನಲ್ಲಿ 'ಪೆಗಾಸಸ್' ಎಂಬ ಹೆಸರಿನಲ್ಲಿ ಹರಡಿತು. ಭೂಮಿಯ ಬಹುದೊಡ್ಡ ಭಾಗಕ್ಕೆ ಹೊಂದದ ಕಾಲವಿಭಾಗವನ್ನು ಸಾರ್ವತ್ರಿಕವೆನ್ನುವುದು ಶಾಸ್ತ್ರಸಮ್ಮತವಾಗಲಾರದು.

೪

ನಕಲು ಇಷ್ಟು ಸುಲಭವಾದುದೇಕೆ? ಅಮೆರಿಕೆಗೆ ಹೋದ ಯಂತ್ರದಲ್ಲಿ, ನಿಂಟೆಂಡೊವಿನ ಒಪ್ಪಿಗೆ ಪಡೆಯದ ಆಟವನ್ನು ತಡೆಯುವ ಬೀಗದ ಚಿಪ್ಪೊಂದಿತ್ತು. ಜಪಾನಿನ ಮೂಲಯಂತ್ರದಲ್ಲಿ ಅದು ಇರಲಿಲ್ಲ. ಅಮೆರಿಕೆಯ ಪೆಟ್ಟಿಗೆಗೆ ೭೨ ಸಂಪರ್ಕದ ಹಲ್ಲುಗಳು, ಜಪಾನಿನದಕ್ಕೆ ೬೦. ತೈವಾನಿನ ತಯಾರಕರು ಬೀಗವಿಲ್ಲದ ೬೦ ಹಲ್ಲಿನ ದಾರಿಯನ್ನೇ ಹಿಡಿದರು. ಹಲವು ಚಿಪ್ಪುಗಳಲ್ಲಿ ಹಂಚಿಹೋಗಿದ್ದ ಕೆಲಸ ಕ್ರಮೇಣ ಒಂದೇ ಚಿಪ್ಪಿಗೆ ಇಳಿಯಿತು. ಅದರ ಮೇಲೆ ಕಪ್ಪು ರಾಳದ ಗುಳ್ಳೆಯೊಂದನ್ನು ಹನಿಸಿ ಮುಚ್ಚಿದರೆ ಯಂತ್ರ ಮುಗಿಯಿತು. ನಮ್ಮ ಯಂತ್ರಗಳ ವಂಶವೃಕ್ಷ ಹೀಗೆ ಅಮೆರಿಕೆಯ ಶಾಖೆಗೆ ಸೇರದೆ ಜಪಾನ್ ಮತ್ತು ತೈವಾನ್‌ಗಳ ಶಾಖೆಗೆ ಸೇರುತ್ತದೆ. ಬೀಮ್ ಸಾಫ್ಟ್‌ವೇರ್ ಸಂಸ್ಥೆ ೧೯೯೨ರಲ್ಲಿ ಒಂದು ಕ್ರಿಕೆಟ್ ಆಟವನ್ನು ಮಾಡಿತು; ಅದು ಆಸ್ಟ್ರೇಲಿಯದಲ್ಲಿ ಮಾತ್ರ, ೭೨ ಹಲ್ಲಿನ ಪೆಟ್ಟಿಗೆಯಲ್ಲಿ, ಪ್ರಕಟವಾಯಿತು. ನಮ್ಮ ಹುಡುಗರು ಬಹುಶಃ ಎಲ್ಲಕ್ಕಿಂತ ಹೆಚ್ಚಾಗಿ ಬಯಸಿರಬಹುದಾದ ಆಟ ನಮ್ಮ ಯಂತ್ರದ ಬಾಯಿಗೆ ಹೊಂದುತ್ತಿರಲಿಲ್ಲ.

ಇಲ್ಲಿಂದ ಮುಂದಕ್ಕೆ ಗ್ರಂಥಸಂಪಾದನಶಾಸ್ತ್ರದ ಪರಿಚಯವುಳ್ಳವರಿಗೆ ದಾರಿ ಪರಿಚಿತವಾಗಿ ಕಾಣುತ್ತದೆ. ಒಂದೇ ಪೆಟ್ಟಿಗೆಯ ಮೇಲೆ '೯೯೯೯ ಆಟಗಳು' ಎಂಬ ಅರ್ಥದ ಇಂಗ್ಲಿಷ್ ಲೇಬಲ್ಲು ಇರುತ್ತಿತ್ತು. ಒಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಉಳಿದವು ಅವೇ ಆಟಗಳು ಬೇರೆ ಹೆಸರಿನಲ್ಲಿ, ಬೇರೆ ಘಟ್ಟದಿಂದ ಆರಂಭವಾಗುವಂತೆ, ಅಥವಾ ಆಟಗಾರನಿಗೆ ಹೆಚ್ಚು 'ಲೈಫ್' ದೊರೆಯುವಂತೆ ತಿದ್ದಿದವು. ಮೂಲಕರ್ತೃವಿನ ಹೆಸರನ್ನೂ ವರ್ಷವನ್ನೂ ತೆರೆಯ ಮೇಲಿಂದ ಅಳಿಸಿದ ಪ್ರತಿಗಳು ಅನೇಕ. ಅಂಕಿತ ಅಳಿಸಿದ ಪ್ರತಿ, ಪ್ರಕ್ಷೇಪ, ಪಾಠಾಂತರ, ಲಿಪಿಕಾರನ ಕೈವಾಡ, ಇವೆಲ್ಲ ಓಲೆಗರಿಯ ಲೋಕದಲ್ಲಿ ನಾವು ದಿನವೂ ಎದುರಿಸುವ ಸಂಗತಿಗಳು. ಹಸ್ತಪ್ರತಿಯ ವಿಷಯದಲ್ಲಿ ನಾವು ಈ ವ್ಯತ್ಯಾಸಗಳನ್ನು ಕೂಡಿಸಿ, ತೂಗಿ, ಯಾವ ಪ್ರಾಂತದಲ್ಲಿ ಯಾವ ಪಾಠ ಬಳಕೆಯಲ್ಲಿತ್ತೆಂದು ನಿರ್ಣಯಿಸುತ್ತೇವೆ. ಪೆಟ್ಟಿಗೆಯ ವಿಷಯದಲ್ಲಿ 'ಕಳ್ಳನಕಲು' ಎಂಬ ಒಂದೇ ಮಾತಿನಿಂದ ಪರೀಕ್ಷೆಯನ್ನು ಮುಗಿಸಿಬಿಟ್ಟಿದ್ದೇವೆ.

ಇನ್ನೊಂದು ಪಾಠಾಂತರ ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾದದ್ದು. ಜಪಾನಿನ ಟೆಲಿವಿಷನ್ ಪದ್ಧತಿಯಲ್ಲಿ ತೆರೆ ಸೆಕೆಂಡಿಗೆ ಸುಮಾರು ೬೦ ಸಲ ಹೊಸದಾಗುತ್ತದೆ. ನಮ್ಮ ಪದ್ಧತಿಯಲ್ಲಿ ೫೦ ಸಲ. ಆಟದ ಓಟ ತೆರೆಯ ಲೆಕ್ಕಕ್ಕೆ ಕಟ್ಟುಬಿದ್ದಿರುವುದರಿಂದ, ೬೦ಕ್ಕೆ ಬರೆದ ಆಟವನ್ನು ೫೦ರ ಯಂತ್ರದಲ್ಲಿ ನಡೆಸಿದರೆ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ. ಸಂಗೀತದ ಲಯವೂ ಅಷ್ಟೇ ವಿಳಂಬವಾಗುತ್ತದೆ. ನಮ್ಮ ಪದ್ಧತಿಗೆ ಒಗ್ಗಿಸಿದ ನಕಲುಯಂತ್ರದಲ್ಲಿ ಆಡಿ ಬೆಳೆದವನಿಗೆ ಜಪಾನಿನ ಮೂಲದ ಓಟ ಅವಸರವೆನ್ನಿಸುತ್ತದೆ. ಅವನ ಕಿವಿಗೆ ಯಾವುದು ಶುದ್ಧಪಾಠ? ಮೂಲವನ್ನು ಕರ್ತೃವಿನ ದೃಷ್ಟಿಯಿಂದ ನಿರ್ಣಯಿಸುವುದು ಒಂದು ಮಾರ್ಗ, ಸ್ವೀಕರಿಸಿದ ಸಮಾಜದ ದೃಷ್ಟಿಯಿಂದ ನೋಡುವುದು ಇನ್ನೊಂದು. ಗದುಗಿನ ಭಾರತದ ವಾಚನವನ್ನು ಕೇಳಿ ಬೆಳೆದವರಿಗೆ ಈ ಎರಡರ ಅಂತರವನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಪ್ರಸಿದ್ಧ. ಅವಳ ನಕಲನ್ನೂ ತೈವಾನಿನ ವ್ಯಾಪಾರಿಯ ನಕಲನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೆ? ಖಂಡಿತ ಕೂಡದು. ಅವಳದು ದಾನ, ಇದು ಲಾಭ. ಕರ್ತೃವಿಗೆ ಸಲ್ಲಬೇಕಾದ ಪಾಲನ್ನು ಇದು ನುಂಗಿತು. ಆದರೆ ಪ್ರತಿಯನ್ನು ಮಾಡಿದವನ ಶೀಲ ಬೇರೆ, ಪ್ರತಿಯ ಚಾರಿತ್ರಿಕ ಮೌಲ್ಯ ಬೇರೆ. ಖೋಟಾ ನಾಣ್ಯವನ್ನು ಬ್ಯಾಂಕು ಸ್ವೀಕರಿಸುವುದಿಲ್ಲ. ನಾಣ್ಯಶಾಸ್ತ್ರಜ್ಞನು ಅದನ್ನು ಜೋಪಾನವಾಗಿ ತೆಗೆದಿಟ್ಟು ಅದರಿಂದ ಆ ಕಾಲದ ಪೇಟೆಯನ್ನು ಓದುತ್ತಾನೆ.

೫

ಕೃತಿಗಳ ಗುಣವಿಚಾರಕ್ಕೂ ಸ್ವಲ್ಪ ಸ್ಥಳ ಕೊಡಬೇಕು. ೧೯೮೫ರ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಆಟ ೪೦ ಕಿಲೋಬೈಟುಗಳಲ್ಲಿ ಅಡಗಿದೆ. ಯಂತ್ರದ ಕೆಲಸದ ಸ್ಮೃತಿ ಕೇವಲ ೨ ಕಿಲೋಬೈಟು. ಈ ಇಕ್ಕಟ್ಟಿನಲ್ಲಿ ಕರ್ತೃಗಳು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರವನ್ನು ಬಳಸಿ ಬಣ್ಣವನ್ನು ಮಾತ್ರ ಬದಲಾಯಿಸಿದರು. ಕಂದಪದ್ಯದ ಮಾತ್ರೆಗಳ ಕಟ್ಟಿನೊಳಗೆ ಅರ್ಥವನ್ನು ಕೂರಿಸಿದವರ ಮಿತವ್ಯಯ ಇಲ್ಲಿ ನೆನಪಾಗುವುದು ಸಹಜ. ಬಂಧನವೇ ಶಿಲ್ಪವಾದ ಕಾಲವದು. ಮುಂದಿನ ಯಂತ್ರಗಳ ಸಮೃದ್ಧಿ ಎಲ್ಲ ಕಡೆಯೂ ಈ ಬಿಗಿಯನ್ನು ಉಳಿಸಿಕೊಳ್ಳಲಿಲ್ಲವೆಂಬುದು ನನ್ನ ಅಭಿಪ್ರಾಯ.

ಆ ಇಕ್ಕಟ್ಟಿಗೆ ಇನ್ನೊಂದು ಮುಖವೂ ಉಂಟು. ಆ ಯಂತ್ರದಲ್ಲಿ ಅಕ್ಷರವನ್ನು ಸಾಮಾನ್ಯವಾಗಿ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕದಲ್ಲಿ ಬರೆಯಬೇಕು. ೧೯೮೬ರ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಕಥಾಪ್ರಧಾನ ಆಟದ ಕರ್ತೃಗಳು ಸ್ಥಳ ಉಳಿಸುವುದಕ್ಕಾಗಿ ತಮ್ಮದೇ ಕಟಕಾನ ಲಿಪಿಯ ಎಲ್ಲ ಅಕ್ಷರಗಳನ್ನೂ ಇಡಲಾರದೆ ಕೆಲವನ್ನೇ ಆರಿಸಿಕೊಂಡರು. ಹೀಗಿರುವಲ್ಲಿ ತಲೆಕಟ್ಟು, ಒತ್ತಕ್ಷರ, ದೀರ್ಘಗಳನ್ನು ಮೇಲೆ ಕೆಳಗೆ ಹೊತ್ತ ಕನ್ನಡ ಲಿಪಿ ಆ ಚೌಕದೊಳಗೆ ಹೇಗೆ ನಿಂತೀತು? ಎರಡು ಮೂರು ಚೌಕಗಳನ್ನು ಕೂಡಿಸಿ ನಿಲ್ಲಿಸಬಹುದಾಗಿತ್ತು. ಆದರೆ ನಿಲ್ಲಿಸಬೇಕೆಂಬ ಅಗತ್ಯವನ್ನು ಯಾವ ತಯಾರಕನಿಗೂ ನಮ್ಮ ಪೇಟೆ ಉಂಟುಮಾಡಲಿಲ್ಲ.

ಲಿಪಿ ಒಳಗೆ ಹೋಗದಿದ್ದರೂ ಮಾತು ಹೊರಗೆ ಬೆಳೆಯಿತು. ಇಂಗ್ಲಿಷ್ ಚರಿತ್ರೆಗಳು 'ಕಾರ್ಟ್ರಿಜ್' ಎನ್ನುವ ವಸ್ತುವನ್ನು ಮದರಾಸಿನಲ್ಲಿಯೂ ಬೆಂಗಳೂರಿನಲ್ಲಿಯೂ 'ಕ್ಯಾಸೆಟ್' ಎಂದರು; ಹಾಡಿನ ಕ್ಯಾಸೆಟ್ಟಿನ ಅಣ್ಣನೋ ತಮ್ಮನೋ ಎಂಬ ಭಾವನೆ. 'ಕನ್ಸೋಲ್' ಎಂಬ ಶಬ್ದ ಬಳಕೆಯಲ್ಲಿರಲಿಲ್ಲ. 'ಟೀವಿ ಗೇಮ್', 'ವಿಡಿಯೋ ಗೇಮ್' ಎಂದರೆ ಯಂತ್ರವೂ ಹೌದು, ಆಟವೂ ಹೌದು. ನಕಲು ಕ್ಯಾಸೆಟ್ಟಿನೊಡನೆ ನಿಯಮಗಳ ಪುಸ್ತಿಕೆ ಬರುತ್ತಿರಲಿಲ್ಲ. ಆಟ ಬಾಯಿಂದ ಬಾಯಿಗೆ, ಓಣಿಯ ಹಿರಿಯ ಹುಡುಗನಿಂದ ಕಿರಿಯನಿಗೆ ಕಲಿಸಲ್ಪಟ್ಟಿತು. ಅಳಗುಳಿಮಣೆಯೂ ಚೌಕಾಬಾರವೂ ಉಳಿದುಬಂದದ್ದು ಹೀಗೆಯೇ. ಟಿ. ನಗರದಲ್ಲಿಯೋ ಅಯನಾವರದಲ್ಲಿಯೋ ಬೆಳೆದ ಕನ್ನಡ ಹುಡುಗನಿಗೆ ಈ ಪಾಠ ಬಹುಮಟ್ಟಿಗೆ ತಮಿಳಿನಲ್ಲಿ ಆಯಿತು. ಮನೆಗೆ ಬಂದು ತಂಗಿಗೆ ಹೇಳಿಕೊಡುವಾಗ ಅದು ಕನ್ನಡವಾಯಿತು. ಹೊರನಾಡ ಕನ್ನಡಿಗರ ದ್ವಿಭಾಷಾ ಜೀವನದ ಇಷ್ಟು ಚಿಕ್ಕ, ಇಷ್ಟು ನಿಜವಾದ ಸಾಕ್ಷಿಯನ್ನು ನಾವು ಎಲ್ಲಿಯೂ ದಾಖಲೆ ಮಾಡಿಲ್ಲ.

೬

ಆದಕಾರಣ ನಮ್ಮ ಉಪಯೋಗಕ್ಕೆ ಬೇರೊಂದು ಕಾಲವಿಭಾಗವನ್ನು ಸೂಚಿಸುತ್ತೇನೆ. ಮೊದಲನೆಯದು 'ಪೆಟ್ಟಿಗೆಯ ಕಾಲ': ಬಣ್ಣದ ಟೆಲಿವಿಷನ್ ಬಂದಂದಿನಿಂದ ೧೯೮೦ರ ದಶಕದ ಕೊನೆಯವರೆಗೆ, ಯಂತ್ರವು ಪ್ರಯಾಣಿಕನ ಪೆಟ್ಟಿಗೆಯಲ್ಲಿಯೋ ಬರ್ಮಾ ಬಜಾರಿನ ಮರೆಯಲ್ಲಿಯೋ ಬಂದು ಕೆಲವೇ ಮನೆಗಳಲ್ಲಿ ಇದ್ದ ಅವಧಿ. ಎರಡನೆಯದು 'ಕ್ಯಾಸೆಟ್ಟಿನ ಕಾಲ': ಸ್ಥೂಲವಾಗಿ ೧೯೯೦ರಿಂದ ಹೊಸ ಶತಮಾನದ ಮೊದಲ ವರ್ಷಗಳವರೆಗೆ, ನಕಲುಯಂತ್ರವು ಮಧ್ಯಮ ವರ್ಗದ ವಸ್ತುವಾದ ಅವಧಿ. ಮೂರನೆಯದು, ಡಿಸ್ಕು, ಕಂಪ್ಯೂಟರು, ಕೊನೆಗೆ ಕೈಫೋನುಗಳು ಆಟವನ್ನು ಟೆಲಿವಿಷನ್ನಿನ ಮುಂದಿನಿಂದ ಎಬ್ಬಿಸಿದ ಕಾಲ. ಭಾರತದಲ್ಲಿಯೇ ಪೂರ್ಣವಾಗಿ ರಚಿತವಾದ ಮೊದಲ ಪ್ಲೇಸ್ಟೇಷನ್ ೨ ಆಟವೆನಿಸಿದ 'ಹನುಮಾನ್: ಬಾಯ್ ವಾರಿಯರ್' ೧೯೮೩ರ ಯಂತ್ರ ಹುಟ್ಟಿದ ೨೬ ವರ್ಷಗಳ ಮೇಲೆ, ೨೦೦೯ರಲ್ಲಿ ಬಂದುದು ಈ ಮೂರನೆಯ ಕಾಲಕ್ಕೆ ಸೇರುತ್ತದೆ. ಈ ವಿಭಾಗದ ಗೆರೆಗಳು ಮಸುಕಾಗಿವೆಯೆಂಬ ದೋಷವನ್ನು ಒಪ್ಪಬಹುದು. ಆದರೆ ಇವನ್ನು ಎಳೆದದ್ದು ಮನೆಯ ಜಗುಲಿಯ ಮೇಲೆ ಕುಳಿತು.

೭

ಇಷ್ಟು ಚರ್ಚೆಗೆ ಕಾರಣವಾದ ಆತಂಕವನ್ನು ಕೊನೆಯಲ್ಲಿ ಹೇಳಬೇಕು. ೧೯೫೪ರ ಕಾನೂನಿನಂತೆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಎಗ್ಮೋರಿನ ಕನ್ನಿಮರ ಗ್ರಂಥಾಲಯಕ್ಕೆ ಸಲ್ಲಬೇಕು. ೧೮೬೯ರಲ್ಲಿ ಸ್ಥಾಪಿತವಾದ ಇಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಕರ್ನಲ್ ಮೆಕೆಂಜಿಯವರ ಸಂಗ್ರಹದ ಕನ್ನಡ ಪ್ರತಿಗಳು ಇಂದಿಗೂ ಉಳಿದಿವೆ. ಓಲೆಗರಿಗೂ ಅಚ್ಚಿಗೂ ಈ ನಗರ ಆಶ್ರಯ ಕೊಟ್ಟಿದೆ. ಕ್ಯಾಸೆಟ್ಟಿಗೆ ಅಂಥ ಆಶ್ರಯ ಯಾವ ಕಾನೂನಿನಿಂದಲೂ ದೊರೆತಿಲ್ಲ. ೧೯೫೭ರ ಕೃತಿಸ್ವಾಮ್ಯ ಕಾನೂನಿಗೆ ೧೯೮೪ರಲ್ಲಿ ತಿದ್ದುಪಡಿಯಾದಾಗ ಕಂಪ್ಯೂಟರ್ ಪ್ರೋಗ್ರಾಮು 'ಸಾಹಿತ್ಯಕೃತಿ' ಎಂಬ ವ್ಯಾಖ್ಯೆಯೊಳಗೆ ಸೇರಿತು. ಕಾನೂನು ಅದನ್ನು ಸಾಹಿತ್ಯವೆಂದು ಕರೆದು ನಲವತ್ತು ವರ್ಷ ಕಳೆದರೂ ವಿಮರ್ಶೆ ಅದರ ಕಡೆ ತಿರುಗಿ ನೋಡಿಲ್ಲ.

ಕಾಲವೂ ಕಾಯುವುದಿಲ್ಲ. ೧೯೮೪ರ 'ಡಕ್ ಹಂಟ್' ಆಟದ ಬಂದೂಕು ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನಿನ ಬೆಳಕನ್ನು ನಂಬಿದ್ದುದು. ಇಂದಿನ ಚಪ್ಪಟೆ ತೆರೆಯ ಮುಂದೆ ಅದು ಕುರುಡು. ಆಟದ ಪ್ರತಿ ಉಳಿದರೂ ಅದನ್ನು ಓದುವ ಸಾಧನ ಹೋದರೆ ಪ್ರತಿ ಮೂಕವಾಗುತ್ತದೆ. ಮಕ್ಕಳು ದೂರದ ಊರುಗಳಿಗೆ ಹೋದಮೇಲೆ ಹಿರಿಯರು ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಹಳೆಯ ಯಂತ್ರ ಗುಜರಿಯವನ ತಕ್ಕಡಿಗೆ ಬೀಳುತ್ತದೆ. ಅದನ್ನು ಆಡಿದವರ ಮಾತು ಅದಕ್ಕಿಂತ ಮೊದಲೇ ಮರೆತುಹೋಗುತ್ತದೆ.

ಆದುದರಿಂದ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಇಂಥ ಯಂತ್ರವೋ ಕ್ಯಾಸೆಟ್ಟೋ ಮನೆಯಲ್ಲಿದ್ದರೆ ಎಸೆಯುವ ಮೊದಲು ಅದರ ಲೇಬಲ್ಲಿನ ಮೇಲಿರುವುದನ್ನು ಇದ್ದಂತೆ ಬರೆದುಕೊಳ್ಳಿರಿ. ಯಾವ ವರ್ಷ, ಯಾವ ಪೇಟೆಯಲ್ಲಿ, ಎಷ್ಟು ಬೆಲೆಗೆ ಕೊಂಡದ್ದೆಂಬುದನ್ನು ಅದರ ಕೆಳಗೆ ಬರೆಯಿರಿ. ಆಡಿದ ಮಗನನ್ನೋ ಮಗಳನ್ನೋ ಕೇಳಿ, ಆಟಗಳನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು, ಸೋತಾಗ ಗೆದ್ದಾಗ ಯಾವ ಮಾತು ಆಡುತ್ತಿದ್ದರು, ಅದು ಕನ್ನಡವೋ ತಮಿಳೋ ಎರಡೂ ಬೆರೆತದ್ದೋ ಎಂಬುದನ್ನು ಸೇರಿಸಿರಿ. ಒಂದು ಹಾಳೆ ಸಾಕು. ಅಂಥ ನೂರು ಹಾಳೆಗಳು ಕೂಡಿದರೆ ಮೇಲೆ ನಾನು ಮಸುಕಾಗಿ ಎಳೆದ ಗೆರೆಗಳನ್ನು ಇನ್ನೊಬ್ಬರು ಆಧಾರಸಹಿತವಾಗಿ ತಿದ್ದಬಹುದು.